ಗವಳ್ಯಾನ ಲೆಕ್ಕ ಮತ್ತ ಕಿಸೇದಾಗಿನ ಹಾಡು

ನಮ್ಮ ಕಾಕಾ ತೊಂಬತ್ತರ ದಶಕದಾಗ ದುಬೈದಿಂದ ಬರೋ ಮುಂದ ಕೈಯಾಗ ಹಿಡಿಯೋ ಅಂಥಾ ಒಂದು ಸಿಡಿ ಪ್ಲೇಯರ್ ತಂದಿದ್ರು. ಅದರ ಮುಚ್ಚಳದ ಮ್ಯಾಲೆ ಬೆಳ್ಳಿ ಅಕ್ಷರದಾಗ ‘1 ಬಿಟ್ ಡ್ಯಾಕ್’ ಅಂತ ಬರದಿತ್ತು. ಸಿಡಿ ಒಳಗಿನ ಹಾಡು ಇರೋದು 16 ಬಿಟ್ಟಿಂದು. ಹದಿನಾರರ ಮುಂದ ಒಂದು ಅನ್ನೋದು ಹೆಚ್ಚಿಂದು ಹೆಂಗಾಗ್ತದ, ಅದನ್ನ ಮುಚ್ಚಳದ ಮ್ಯಾಲೆ ಬರಕೊಂಡು ಮೆರಿಯೋದರಾಗ ಏನರ್ಥ ಅಂತ ಆವಾಗಿಂದ ತಲ್ಯಾಗ ಕೂತಿತ್ತು. ಈಗ ನಮ್ಮ ವೈನಿ ಫೋನ್ ಮಾಡ್ಯಾರ. ಮಗಳು 40 ಸಾವಿರದ ಮ್ಯೂಜಿಕ್ ಪ್ಲೇಯರ್ ಬೇಕಂತ ಹಟಾ ಹಿಡದಾಳಂತ, ಡಬ್ಬಿ ಮ್ಯಾಲೆ ‘32 ಬಿಟ್’ ಅಂತ ಅದ ಅಂತ, ಮೊಬೈಲಿನಾಗ ಇಲ್ಲದ್ದು ಅದರಾಗೇನದ, ರೊಕ್ಕ ಎಣಿಸೋಕಿಂತ ಮೊದಲ ತಿಳಿಸಿ ಹೇಳು ಅಂತ. ಒಂದು, ಹದಿನಾರು, ಮೂವತ್ತೆರಡು. ಈ ಅಂಕಿಗಳ ಹಿಂದ ಒಂದು ಛಲೋ ಕಥಿ ಅದ ನೋಡ್ರಿ. ಒಲಿ ಮ್ಯಾಲೆ ಹಾಲಿಟ್ಟಿದ್ರ ಮೊದಲ ಇಳಿಸಿ ಬರ್ರಿ, ಸ್ವಲ್ಪ ಉದ್ದ ಅದ.

ಸಿಡಿಯಾಗ ಆಗಲಿ ಮೊಬೈಲಿನಾಗ ಆಗಲಿ, ಹಾಡು ಹಾಡಾಗಿ ಇರೋದಿಲ್ಲ. ಬರೇ ಅಂಕಿ ಇರ್ತಾವ. ದನಿ ಅಂದ್ರ ಗಾಳಿ ಒಳಗಿನ ಅಲಿ. ಆ ಅಲಿ ಈ ಕ್ಷಣಕ್ಕ ಎಷ್ಟು ಎತ್ತರದಾಗ ಅದ ಅಂತ ಅಳದು, ಅಳದು, ಬರದಿಡೋದು. ಈ ವಿಚಾರ ಹೊಸದಲ್ಲ. ಅಲೆಕ್ ರೀವ್ಸ್ ಅನ್ನೋ ಇಂಗ್ಲಂಡಿನ ಎಂಜಿನಿಯರ್ ಟೆಲಿಫೋನ್ ಮಾತಿನೊಳಗಿನ ಗರಗರ ಸದ್ದು ತಗೀಲಿಕ್ಕೆ 1938ರಾಗೇ ಇದಕ್ಕ ಪೇಟೆಂಟ್ ಮಾಡಿಸಿದ್ರು. ಸಿಡಿ ಒಳಗ ಹಿಂಗ ಸೆಕೆಂಡಿಗೆ 44,100 ಸಲ ಅಳೀತಾರ. ಅದೇನು ಇಂಥಾ ವಿಚಿತ್ರ ಅಂಕಿ ಅಂತೀರೇನು? ಆವಾಗ ಇಷ್ಟು ಅಂಕಿ ಬರದಿಡಲಿಕ್ಕೆ ಬ್ಯಾರೆ ಸಾಧನ ಇರಲಿಲ್ಲ. ವಿಡಿಯೋ ಟೇಪಿನ ಮ್ಯಾಲೆ, ಟಿವಿ ಚಿತ್ರದ ಗೆರಿಗಳ ಜಾಗಾದಾಗ, ಗೆರಿಗೆ ಮೂರು ಅಳತಿಯಂಗ ತುಂಬತಿದ್ರು. 245 ಗೆರಿ, ಗೆರಿಗೆ 3, ಸೆಕೆಂಡಿಗೆ 60 ಸಲ. ಗುಣಸಿ ನೋಡ್ರಿ, ಬರೋಬ್ಬರಿ 44,100 ಬರ್ತದ.

ಇದು ಚುಕ್ಕಿ ರಂಗೋಲಿ ಇದ್ದಂಗ. ಚುಕ್ಕಿ ಇಟ್ಟದ್ದಾತು, ಈಗ ಗೆರಿ ಎಳೀಬೇಕು. ಅಂಕಿ ನೋಡಿ, ಅದಕ್ಕ ತಕ್ಕಂಗ ಕರೆಂಟು ಕೊಟ್ಟು, ಮತ್ತ ಅಲಿ ಮಾಡಿ ಕಿವಿಗೆ ಮುಟ್ಟಿಸೋ ಚಿಪ್ಪಿಗೆ ಡಿಜಿಟಲ್ ಟು ಅನಲಾಗ್ ಕನ್ವರ್ಟರ್ ಅಂತಾರ, ಸಣ್ಣದಾಗಿ ಡ್ಯಾಕ್. ಅಂಕಿಯಿಂದ ಹಾಡು ಕೇಳಸೋ ಯಾವ ಮಷೀನ್ ಇದ್ರೂ ಅದರಾಗ ಒಂದು ಡ್ಯಾಕ್ ಇರಲೇಬೇಕು. ನಿಮ್ಮ ಕೈಯಾಗಿನ ಫೋನಿನಾಗೂ ಅದ.

ಈಗ 16 ಬಿಟ್ಟಿನ ಮಾತಿಗೆ ಬರೋಣು. ನಮ್ಮಜ್ಜಿ ಕಾಲದ ತಕ್ಕಡಿ ನೆನಪು ಮಾಡ್ಕೋರಿ. ಒಂದು ಗ್ರಾಮಿನ ಕಲ್ಲು, ಎರಡರದು, ನಾಲ್ಕರದು, ಎಂಟರದು, ಹಿಂಗ ಒಂದಕ್ಕೊಂದು ಇಮ್ಮಡಿ ಆಗೋ ಹದಿನಾರು ಕಲ್ಲು ಅವ ಅಂತ ತಿಳ್ಕೋರಿ. ಎಲ್ಲಾಕ್ಕಿಂತ ದೊಡ್ಡದು 32,768 ಗ್ರಾಮು, ಅಂದ್ರ ಮೂವತ್ತೆರಡೂಮುಕ್ಕಾಲು ಕಿಲೋ ಚಿಲ್ಲರ. ಇವು ಹದಿನಾರು ಇದ್ರ ಏನೂ ಇಲ್ಲದ್ದು ಹಿಡದು ಅರವತ್ತೈದೂವರಿ ಕಿಲೋ ತನಕ ಯಾವ ತೂಕ ಬೇಕಾದ್ರೂ ಗ್ರಾಮಿನ ಲೆಕ್ಕದಾಗ ಕೂಡಸಬಹುದು, ಒಟ್ಟು 65,536 ಥರ. ಹಳೆ ಡ್ಯಾಕ್ ಒಳಗ ಕಲ್ಲಿನ ಬದಲಿ ಕರೆಂಟಿನ ತುಣುಕು, ಅಷ್ಟ ಫರಕು. ಅಂಕಿ ಬಂದ ಕೂಡಲೆ ಯಾವ ಯಾವ ಕಲ್ಲು ಇಡಬೇಕೋ ಇಡೋದು, ಕೂಡಿದ ಕರೆಂಟು ಹೊರಗ ಬಿಡೋದು.

ಕೇಳಲಿಕ್ಕೆ ಸುಲಭ ಅದ. ಆದ್ರ ಆ ಮೂವತ್ತೆರಡು ಕಿಲೋದ ಕಲ್ಲು ಎರಡೇ ಎರಡು ಗ್ರಾಮು ಹೆಚ್ಚುಕಡಿಮಿ ಆದ್ರೂ ಒಂದು ಗ್ರಾಮಿನ ಕಲ್ಲಿಗೆ ಅರ್ಥನ ಉಳಿಯೋದಿಲ್ಲ. ಜ್ವಾಳದ ಚೀಲ ತೂಗೋ ಕಲ್ಲಿನಾಗ ಬಂಗಾರ ತೂಗೋ ಅಷ್ಟು ನಿಖರ ಬೇಕು. ಚಿಪ್ಪಿನೊಳಗ ಅಂಥಾ ಕಲ್ಲು ಮಾಡೋದು ಭಾರೀ ತುಟ್ಟಿ. ಒಂದೊಂದು ತುಣುಕೂ ಲೇಸರಲೆ ಕೊರದು ಸರಿ ಮಾಡೋ ಕಂಪನಿಗಳೂ ಇದ್ದುವು.

ಹಾಲಂಡಿನ ಫಿಲಿಪ್ಸ್, ಜಪಾನಿನ ಸೋನಿ, ಇಬ್ಬರೂ ಕೂಡಿ ಸಿಡಿ ಮಾಡಲಿಕ್ಕೆ ನಿಂತಾಗ ಇದರ ಮ್ಯಾಲೇನ ಜಗ್ಗಾಟ ಆತು. ಫಿಲಿಪ್ಸಿನವರ ಕಡೆ 14 ಬಿಟ್ಟಿನ ಚಿಪ್ಪು ತಯಾರಿತ್ತು, 14 ಸಾಕು ಅಂದ್ರು. ಸೋನಿಯವರು 16ಕ್ಕ ಹಟಾ ಹಿಡದ್ರು. ಸೋನಿ ಗೆದ್ದಿತು. 1982ರ ಅಕ್ಟೋಬರ್ 1ಕ್ಕ ಜಪಾನಿನಾಗ ಸಿಡಿಪಿ-101 ಅನ್ನೋ ಅವರ ಮೊದಲನೇ ಪ್ಲೇಯರ್ ಬಂತು, 1 ಲಕ್ಷ 68 ಸಾವಿರ ಯೆನ್. ಅವರು ಕಲ್ಲಿನ ಬದಲಿ ಬ್ಯಾರೆ ಯುಕ್ತಿ ಮಾಡಿದ್ರು. ನಳ ಬಿಟ್ಟು ಇಷ್ಟು ಹೊತ್ತು ಅಂತ ಎಣಿಸಿ ಕೊಡ ತುಂಬಿಸಿದಂಗ. ಬರೋಬ್ಬರಿ ಆಗಲಿ ಅಂತ ಒಂದು ದಪ್ಪ ಧಾರಿ, ಒಂದು ಸಣ್ಣ ಧಾರಿ. ಖರ್ಚು ಉಳಸಲಿಕ್ಕೆ ಎಡಗಿವಿ ಬಲಗಿವಿ ಎರಡಕ್ಕೂ ಒಂದ ಡ್ಯಾಕ್ ಪಾಳಿ ಮ್ಯಾಲೆ ಕೆಲಸಾ ಮಾಡತಿತ್ತು. ಅದರಲೆ ಒಂದು ಕಿವಿಗೆ ಹಾಡು ಸೆಕೆಂಡಿನ ಹತ್ತು ಲಕ್ಷದಾಗ ಹನ್ನೊಂದು ಪಾಲಿನಷ್ಟು ತಡಾ. ಗಾಬರಿ ಆಗಬ್ಯಾಡ್ರಿ, ಅಷ್ಟರಾಗ ದನಿ ಗಾಳಿಯೊಳಗ ನಾಲ್ಕು ಮಿಲಿಮೀಟರ್ ಹೋಗ್ತದ. ಕುತಿಗಿ ಸ್ವಲ್ಪ ಅಳ್ಳಾಡಿಸಿದ್ರ ಅದಕ್ಕಿಂತ ಹೆಚ್ಚು ಫರಕು ಬೀಳ್ತದ.

ಫಿಲಿಪ್ಸಿನವರ ಕೈಯಾಗ ಇದ್ದದ್ದು 14 ಬಿಟ್ಟಿನ ಚಿಪ್ಪು. ಒಗೀಲಿಕ್ಕೆ ಬರ್ತದೇನು? ಮಿಕ್ಕ ಅನ್ನಕ್ಕ ಒಗ್ಗರಣಿ ಹಾಕಿ ಚಿತ್ರಾನ್ನ ಮಾಡೋರು ನಾವು, ಅವರೂ ಅದನ್ನ ಮಾಡಿದ್ರು. ಎರಡು ಚುಕ್ಕಿ ನಡುವ ಲೆಕ್ಕಾ ಹಾಕಿ ಇನ್ನೂ ಮೂರು ಚುಕ್ಕಿ ಇಟ್ಟು, ಸೆಕೆಂಡಿಗೆ 44,100 ಇದ್ದದ್ದು 1,76,400 ಮಾಡಿದ್ರು. 14 ಬಿಟ್ಟಿಗೆ ಇಳಿಸೋವಾಗ ಉಳಿಯೋ ಚಿಲ್ಲರ ಬಿಟ್ಟುಬಿಡಲಿಲ್ಲ, ಮುಂದಿನ ಅಂಕಿಗೆ ಸೇರಿಸಿದ್ರು. ಒಂದೊಂದ ಅಂಕಿ ನೋಡಿದ್ರ ಒರಟು, ನಾಲ್ಕು ಕೂಡಿಸಿ ನೋಡಿದ್ರ ನಯ. ಹದಿನಾಲ್ಕರ ಚಿಪ್ಪು ಹದಿನಾರರ ಕೆಲಸಾ ಮಾಡ್ತು. 1983ರಾಗ ಯುರೋಪಿನ ಪ್ಯಾಟಿಗೆ ಬಂದ ಅವರ ಸಿಡಿ100 ಇದರ ಮ್ಯಾಲೇ ನಡೀತು. ಆ ಚಿಪ್ಪಿನಾಗ ರೂಡಿ ವಾನ್ ಡೆ ಪ್ಲಾಸಿ ಅನ್ನೋರ ಇನ್ನೊಂದು ಯುಕ್ತಿನೂ ಇತ್ತು. ಕಲ್ಲುಗಳು ಸ್ವಲ್ಪ ಸ್ವಲ್ಪ ತಪ್ಪಿದ್ರೂ ಚಿಂತಿಲ್ಲ, ಅವುಗಳ ಜಾಗಾ ಸತತ ಅದಲಿ ಬದಲಿ ಮಾಡ್ಕೋತ ಇದ್ರ ತಪ್ಪು ತಪ್ಪು ಕೂಡಿ ಒಂದಕ್ಕೊಂದು ವಜಾ ಆಗ್ತಾವ ಅಂತ. ಈ ಎರಡೂ ಯುಕ್ತಿ ನೆನಪಿಡ್ರಿ, ಮುಂದ ಮತ್ತ ಬರ್ತಾವ.

1984ರಾಗ ಹಾಡು ಕಿಸೇದ ದಾರಿ ಹಿಡೀತು. ಸೋನಿಯ ಕೋಜೋ ಓಸೋನೆ ಅನ್ನೋರು ಒಂದು ಕಟಗಿ ತುಣುಕು ಮಾಡಿಸಿ, 13.4 ಸೆಂಟಿಮೀಟರ್ ಚೌಕ, 4 ಸೆಂಟಿಮೀಟರ್ ದಪ್ಪ, ತಮ್ಮ ಎಂಜಿನಿಯರಗಳ ಮುಂದ ಇಟ್ಟು, ಇಷ್ಟರಾಗ ಪ್ಲೇಯರ್ ಕೂಡಬೇಕು ಅಂದ್ರು. ನಾಲ್ಕು ಸಿಡಿ ಡಬ್ಬಿ ಒಂದರ ಮ್ಯಾಲೊಂದು ಇಟ್ಟಷ್ಟು. ಕೂಡಿಸಿದ್ರು. ಅದಕ್ಕ ಡಿ-50 ಅಂತ ಹೆಸರು, ಬೆಲಿ 50 ಸಾವಿರ ಯೆನ್ ಒಳಗ. ಆದ್ರ ಬ್ಯಾಟರಿ ಹಾಕಲಿಕ್ಕೆ ಬ್ಯಾರೆ ಚೀಲದಂಥಾ ಕೇಸು ಬೇಕು, ಹೆಗಲಿಗೆ ಹಾಕ್ಕೊಂಡು ಅಡ್ಡಾಡಬೇಕು.

ಈಗ ಮೂರು ಹೊಸಾ ವೈರಿಗಳು ಬಂದ್ರು. ಜಾಗಾ, ಬ್ಯಾಟರಿ, ರೊಕ್ಕ. ಮನ್ಯಾಗಿನ ದೊಡ್ಡ ಪ್ಲೇಯರಿಗೆ ಇವು ಮೂರೂ ಅಷ್ಟೇನು ಕಾಡತಿರಲಿಲ್ಲ. ಡ್ಯಾಕ್ ಮಾಡಿದ ಒರಟು ಅಲಿ ನಯ ಮಾಡಲಿಕ್ಕೆ ಅದರ ಮುಂದ ಒಂದು ಜರಡಿ ಇರ್ತದ, ಫಿಲ್ಟರ್ ಅಂತಾರ. ಚುಕ್ಕಿ ಕಡಿಮಿ ಇದ್ರ ಆ ಜರಡಿ ಭಾಳ ಬಿಗಿ ಇರಬೇಕು, 20,000ದ ತನಕ ಎಲ್ಲಾ ಬಿಡಬೇಕು, 22,050ರ ಮ್ಯಾಲಿಂದು ಏನೂ ಬಿಡಬಾರದು. ಅದಕ್ಕ ಒಂದು ಹಿಡಿ ಬಿಡಿಭಾಗ ಬೇಕು. ಚುಕ್ಕಿ ಹೆಚ್ಚಿಸಿದ್ರ ಚಿಪ್ಪಿನ ಲೆಕ್ಕದಾಗೇ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗೀತದ, ಹೊರಗ ಒಂದು ಸಾದಾ ಜರಡಿ ಸಾಕು. ಫಿಲಿಪ್ಸಿನ ಯುಕ್ತಿ ಎಲ್ಲಾರೂ ಕಲ್ತದ್ದು ಇದರ ಸಲುವಾಗಿ.

ಕಲ್ಲಿನ ಡ್ಯಾಕಿನ ಒಂದು ಖೋಡಿ ನಮ್ಮಂಗ ತಂಬೂರಿ, ಆಲಾಪ ಕೇಳೋರಿಗೆ ಭಾಳ ಮುಖ್ಯ. ದನಿ ಅಲಿ ಮ್ಯಾಲೂ ಹೋಗ್ತದ, ಕೆಳಗೂ ಬರ್ತದ. ಮೌನ ಅನ್ನೋದು ನಡುವ, ಅಂದ್ರ 65,536ರ ಅರ್ಧಾದಾಗ. ಅಲ್ಲಿ 32,767 ಅಂದ್ರ ಸಣ್ಣ ಹದಿನೈದೂ ಕಲ್ಲು ತಕ್ಕಡಿಯಾಗ. ಮುಂದಿನ ಅಂಕಿ 32,768 ಅಂದ್ರ ಆ ಹದಿನೈದೂ ತಗದು, ದೊಡ್ಡ ಕಲ್ಲು ಒಂದ ಇಡೋದು. ದೊಡ್ಡ ಕಲ್ಲಿನ ತಪ್ಪು ಪೂರ್ತಿ ಕಾಣೋದು ಅಲ್ಲೇ, ಅದೂ ದನಿ ಎಲ್ಲಾಕ್ಕಿಂತ ಸಣ್ಣ ಇದ್ದಾಗ. ಮದವಿ ಮನ್ಯಾಗಿನ ಬ್ಯಾಂಡು ಹಚ್ಚಿದ್ರ ಏನೂ ಗೊತ್ತಾಗೋದಿಲ್ಲ. ತಂಬೂರಿ ತಂತಿ ಮೀಟಿ ಬಿಟ್ಟ ಮ್ಯಾಲೆ ನಾದ ಸಣ್ಣ ಆಗ್ಕೋತ, ಆಗ್ಕೋತ ಹೋಗಿ ಮೌನದಾಗ ಕರಗತದಲ್ಲಾ, ಅಲ್ಲಿ ಅದು ಸ್ವಲ್ಪ ಉಸುಕು ಕೂಡಿದಂಗ ಕೇಳಸ್ತದ. ಮೊದಮೊದಲು ಸಿಡಿ ದನಿ ಒರಟು, ಚುಚ್ಚತದ ಅಂತ ಅಂದ ಜನಾ ಸುಮ್ಮ ಅಂದದ್ದಲ್ಲ. ತಪ್ಪೆಲ್ಲಾ ಡ್ಯಾಕಿಂದ ಅಂತ ನಾ ಅನ್ನೋದಿಲ್ಲ. ಆದ್ರ ಸೋವಿ ಕಲ್ಲು ಹಾಕಿದ ಸಣ್ಣ ಮಷೀನಿನಾಗ ಇದು ಹೆಚ್ಚು ಇರತಿತ್ತು.

ಹಂಗಾರ ಕಲ್ಲೇ ಬ್ಯಾಡ, ಒಂದ ಕಲ್ಲು ಸಾಕು ಅಂದ್ರ? ಒಂದ ಕಲ್ಲು ಇದ್ದಾಗ ಕಲ್ಲು ಕಲ್ಲಿಗೆ ಹೊಂದಸೋ ಪ್ರಶ್ನಿನೇ ಬರೋದಿಲ್ಲ. ಇಲ್ಲಿಗೇ ನಮ್ಮ ಗವಳ್ಯಾ ಬರ್ತಾನ.

ದಿನಾ 30 ರೂಪಾಯಿ ಹಾಲು ಹಾಕಸ್ತೀರಿ ಅಂತ ತಿಳ್ಕೋರಿ. ನಿಮ್ಮ ಕಡೆ ಬರೇ ನೂರರ ನೋಟು ಅವ, ಚಿಲ್ಲರ ಇಲ್ಲ. ಬಾಕಿ ಐವತ್ತು ಮುಟ್ಟಿತಂದ್ರ ಒಂದು ನೋಟು ಕೊಡೋದು, ಇಲ್ಲಂದ್ರ ಇಲ್ಲ. ಮೊದಲನೇ ದಿನ ಬಾಕಿ 30, ಏನೂ ಕೊಡಂಗಿಲ್ಲ. ಎರಡನೇ ದಿನ 60, ಒಂದು ನೋಟು ಕೊಟ್ರಿ, ಈಗ ಅವನ ಕಡೆ ನಿಮ್ಮ 40 ಉಳೀತು. ಹಿಂಗ ಬರಕೋತ ಹೋಗ್ರಿ. ಎರಡನೇ ದಿನ, ಐದನೇ ದಿನ, ಒಂಬತ್ತನೇ ದಿನ ಒಂದೊಂದು ನೋಟು ಹೋಗ್ತದ, ಹತ್ತನೇ ದಿನಕ್ಕ ಬಾಕಿ ಚುಕ್ತಾ. ಮೂರು ನೋಟು, ಮುನ್ನೂರು ರೂಪಾಯಿ, ದಿನಕ್ಕ ಮೂವತ್ತೇ ಬಿತ್ತು. ಒಂದೊಂದ ದಿನ ನೋಡಿದ್ರ ಯಾವ ದಿನಾನೂ ಲೆಕ್ಕ ಸರಿ ಇಲ್ಲ, ತಿಂಗಳ ಲೆಕ್ಕ ಮಾತ್ರ ಪೈಸಾ ತಪ್ಪಿಲ್ಲ. ಬಾಕಿ ಮುಂದಕ್ಕ ಒಯ್ಯೋದು, ಅದ ಇದರ ಜೀವಾ.

ಇದಕ್ಕ ಡೆಲ್ಟಾ-ಸಿಗ್ಮಾ ಅಂತ ಹೆಸರು. 1962ರಾಗ ಟೋಕಿಯೋ ವಿಶ್ವವಿದ್ಯಾಲಯದ ಹಿರೋಶಿ ಇನೋಸೆ, ಯಾಸುಹಿಕೋ ಯಾಸುದಾ ಮತ್ತವರ ಜೊತಿಯವರು ಬರದು ಹೊರಗಿಟ್ರು. ಅವರ ತಲ್ಯಾಗ ಇದ್ದದ್ದು ದೂರದ ಅಳತಿಗಳನ್ನ ತಂತಿ ಮ್ಯಾಲೆ ಕಳಸೋ ವಿಚಾರ, ಹಾಡಲ್ಲ. ಒಂದು ಅಥವಾ ಸೊನ್ನಿ, ನೋಟು ಕೊಟ್ರೋ ಇಲ್ಲೋ, ಅಷ್ಟ. ಆದ್ರ ಅತೀ ಜೋರಲೆ. ಎಂಬತ್ತರ ದಶಕದ ಕಡೀಗೆ ಚಿಪ್ಪುಗಳು ಅಷ್ಟು ಜೋರಲೆ ಓಡೋವಷ್ಟು ಆದುವು. ಫಿಲಿಪ್ಸಿನವರು ಬಿಟ್‌ಸ್ಟ್ರೀಮ್ ಅಂತ ತಗದ್ರು, ಸಿಡಿಯ ಒಂದೊಂದು ಚುಕ್ಕಿಗೆ 256 ಸಲ ಒಂದು-ಸೊನ್ನಿ, ಅಂದ್ರ ಸೆಕೆಂಡಿಗೆ ಒಂದು ಕೋಟಿ ಹನ್ನೆರಡು ಲಕ್ಷದ ಮ್ಯಾಲೆ. ಜಪಾನಿನ ಎನ್‌ಟಿಟಿ, ಮತ್ಸುಶಿತಾ ಕೂಡಿ ಮ್ಯಾಶ್ ಅಂತ ತಮ್ಮದೊಂದು ಮಾಡಿದ್ರು, ಟೆಕ್ನಿಕ್ಸ್, ಪ್ಯಾನಾಸೋನಿಕ್ ಪ್ಲೇಯರ್ ಮ್ಯಾಲೆ ಅದರ ಗುರ್ತು ಇರತಿತ್ತು. ಕಾಕಾನ ಪ್ಲೇಯರಿನ ಮುಚ್ಚಳದ ಮಾತು ಇದೇ. 1 ಬಿಟ್ ಅಂದ್ರ ಒಂದ ಕಲ್ಲು, ಗವಳ್ಯಾನ ಲೆಕ್ಕ.

ನೋಟು ಕೊಟ್ಟದ್ದು ಬಿಟ್ಟದ್ದರ ಗದ್ದಲ ಎಲ್ಲಿ ಹೋತು ಅಂತ ಕೇಳಬಹುದು. ಹೋಗಿಲ್ಲ, ಇದ್ದೇ ಇರ್ತದ. ಆದ್ರ ಅದೆಲ್ಲಾ ಕಿವಿಗೆ ಕೇಳದಷ್ಟು ತಾರಕಕ್ಕ ಏರಿ ಕೂತಿರ್ತದ. ಕಿವಿ ತಿಂಗಳ ಲೆಕ್ಕಾ ಅಷ್ಟ ನೋಡ್ತದ. ಮ್ಯಾಲಿನ ಗದ್ದಲ ಒಂದು ಸಾದಾ ಜರಡಿ ತಡೀತದ. ತಂಬೂರಿಯ ಕಡೇ ಉಸರಿನಾಗ ಕಲ್ಲು ಬದಲಿಸೋ ಉಸುಕು ಇಲ್ಲ. ಲೇಸರಲೆ ಕೊರಿಯೋ ಖರ್ಚಿಲ್ಲ. ಲೆಕ್ಕಾ ಹಾಕೋ ಭಾಗ, ಡ್ಯಾಕ್, ಎಲ್ಲಾ ಒಂದ ಚಿಪ್ಪಿನಾಗ ಕೂಡತದ, ಬ್ಯಾಟರಿ ಉಳೀತದ. ಕಂಪನಿಯವರು ಜಾಹೀರಾತಿನಾಗ ದನಿ ನಯ ಅಂತ ಹೇಳಿದ್ರು, ಅದು ಖರೇನೇ. ಆದ್ರ ಕೈಯಾಗಿನ ಪ್ಲೇಯರಿನ ಮಟ್ಟಿಗೆ ಇದು ಗೆದ್ದದ್ದು ಸೋವಿ ಅಂತ, ಬ್ಯಾಟರಿ ಕಡಿಮಿ ತಿಂತದ ಅಂತ. ನಯ ಅನ್ನೋದು ಅದರ ಜೊತಿ ಬಂದ ಕೊಸರು.

ಇದರಾಗೂ ಖೋಡಿ ಇತ್ತು. ಹಾಲು ದಿನಾ ಬರೋಬ್ಬರಿ ಮೂವತ್ತರದ ಬಂದ್ರ ಎರಡು, ಐದು, ಒಂಬತ್ತು, ಮತ್ತ ಹನ್ನೆರಡು, ಹದಿನೈದು, ಹತ್ತೊಂಬತ್ತು ಅಂತ ಅದ ಚಾಳಿ ತಿರುಗಿ ತಿರುಗಿ ಬರ್ತದ. ಚಿಪ್ಪಿನಾಗೂ ಹಂಗ. ಹಾಡು ನಿಂತು ಮೌನ ಇದ್ದಾಗ ಒಂದ-ಸೊನ್ನಿ ಒಂದ ತಾಳದಾಗ ಬಿದ್ದು, ಗುಂಗಾಡಿ ಕಿವಿ ಹಂತೇಕ ಬಂದಂಗ ಸಣ್ಣ ಗುಂಯ್ ಅನ್ನೋ ಸ್ವರ ಕೇಳೋ ಸಂಭವ ಇತ್ತು. ಇನ್ನೊಂದು, ನೋಟು ಕೊಡೋ ಹೊತ್ತು ಸ್ವಲ್ಪ ಹಿಂದ ಮುಂದ ಆದ್ರೂ ಅಲಿ ಕೆಡ್ತದ, ಅದಕ್ಕ ಚಿಪ್ಪಿನ ಗಡಿಯಾರ ಭಾಳ ಖಚಿತ ಇರಬೇಕು. ಇವಕ್ಕ ಮುಂದ ಹುಡಕಿದ ಉಪಾಯ ಅಂದ್ರ ನೂರರ ನೋಟು ಒಂದ ಇಡೋ ಬದಲಿ ಹತ್ತರ ನೋಟು ಹತ್ತು ಇಡೋದು. ಬಾಕಿ ಮುಂದಕ್ಕ ಒಯ್ಯೋದು ಹಂಗ ಉಳೀತು, ಆದ್ರ ಪ್ರತಿ ಸಲ ತಪ್ಪು ಸಣ್ಣದು. ಆ ಹತ್ತು ಸಣ್ಣ ಕಲ್ಲು ಒಂದಕ್ಕೊಂದು ಸಮಾ ಇರದಿದ್ರ? ಪಾಳಿ ಮ್ಯಾಲೆ ಅದಲಿ ಬದಲಿ ಮಾಡೋದು. ವಾನ್ ಡೆ ಪ್ಲಾಸಿ ಅವರ ಹಳೆ ಯುಕ್ತಿ ನೋಡ್ರಿ, ತಿರುಗಿ ಬಂತು. ಈಗಿನ ಫೋನು, ಪ್ಲೇಯರ್ ಒಳಗ ಇರೋ ಹೆಚ್ಚಿನ ಚಿಪ್ಪು ಇದ ಥರದ್ದು, ಸ್ವಲ್ಪ ಕಲ್ಲು, ಸ್ವಲ್ಪ ಗವಳ್ಯಾ.

2001ರ ಅಕ್ಟೋಬರಿನಾಗ ಆಪಲ್‌ನ ಐಪಾಡ್ ಬಂತು. ಅದರಾಗಿನ ದನಿ ಚಿಪ್ಪು ಸ್ಕಾಟ್‌ಲಂಡಿನ ಎಡಿನ್‌ಬರೋದ ವುಲ್ಫ್‌ಸನ್ ಅನ್ನೋ ಕಂಪನೀದು. 2007ರ ಐಪಾಡ್ ಕ್ಲಾಸಿಕ್‌ನಾಗ ಅದು ಹೋಗಿ ಸಿರಸ್ ಲಾಜಿಕ್ ಚಿಪ್ಪು ಬಂತು. ವುಲ್ಫ್‌ಸನ್ ಇದ್ದದ್ದ ಛಲೋ ಇತ್ತು ಅಂತ ಹಳೆ ಐಪಾಡ್ ಹುಡುಕಿ ಹುಡುಕಿ, ಬ್ಯಾಟರಿ ಬದಲಿಸಿ ಇಟಗೊಳ್ಳೋ ಜನಾ ಇನ್ನೂ ಇದ್ದಾರ. ನನಗ ಕೇಳಿದ್ರ ಇಂಥಾ ಜಗಳದಾಗ ಡ್ಯಾಕಿನ ಹೆಸರು ಹೆಚ್ಚು ಕೇಳಸ್ತದ, ಖರೆ ಗುನ್ನೇಗಾರ ಅದರ ಮುಂದ ಕೂತಿರ್ತಾನ.

ಅವನ ಹೆಸರು ಕೆಪಾಸಿಟರ್. ಸಣ್ಣ ಬ್ಯಾಟರಿ ಮ್ಯಾಲೆ ನಡಿಯೋ ಪ್ಲೇಯರಿನಾಗ ಬ್ಯಾಟರಿ ಕರೆಂಟು ನೆಟ್ಟಗ ಇಯರ್‌ಫೋನಿಗೆ ಹೋಗಬಾರದು ಅಂತ ನಡುವ ಇದನ್ನ ಕೂಡಸ್ತಿದ್ರು. ಇದು ದೊಡ್ಡದಿದ್ದಷ್ಟು ತಗ್ಗಿನ ಸ್ವರ ಪೂರ್ತಿ ದಾಟತಾವ. ಜಾಗಾ ಇಲ್ಲ ಅಂತ ಸಣ್ಣದು ಹಾಕಿದ್ರ ದಾಟೋದಿಲ್ಲ. 100 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ 16 ಓಮ್ ಇಯರ್‌ಫೋನ್ ಹಚ್ಚಿದ್ರ 100 ಹರ್ಟ್ಜ್ ಹಂತೇಕ ಸೋರಗಿ ಶುರು ಆಗ್ತದ, ತಬಲಾದ ಡಗ್ಗಾದ ಗುಮುಕಿ ಒಣಗಿದಂಗ ಆಗ್ತದ. ಅದ 220ರದ್ದು ಹಾಕಿ 32 ಓಮಿನ ಇಯರ್‌ಫೋನ್ ಹಚ್ಚಿದ್ರ 23 ಹರ್ಟ್ಜ್ ತನಕ ಏನೂ ಕಳಕೊಳ್ಳೋದಿಲ್ಲ ಅಂದ್ರ ನಡೀತದ. ಅದ ಡ್ಯಾಕ್, ಅದ ಹಾಡು, ದನಿ ಮಾತ್ರ ಬ್ಯಾರೆ. ಮುಂದ ಕೆಪಾಸಿಟರ್ ಬ್ಯಾಡಾದ ಚಿಪ್ಪು ಬಂದುವು, ಈಗ ಈ ಕಾಟ ಕಡಿಮಿ. ಹಾಡು ಎಂಪಿ3 ಮಾಡೋವಾಗ ಹಿಂಡಿದ್ರಂತೂ, ಸಿಡಿಯಾಗ ಸೆಕೆಂಡಿಗೆ 1,411 ಕಿಲೋಬಿಟ್ ಇದ್ದದ್ದು 128ಕ್ಕ ಇಳೀತದ. ಅಷ್ಟು ಹೋದ ಮ್ಯಾಲೆ ಡ್ಯಾಕಿನ ನಯದ ಮಾತು ಆಡಿ ಏನುಪಯೋಗ?

ವೈನಿ, ಈಗ ನಿಮ್ಮ 32 ಬಿಟ್ಟಿಂದು. ಒಂದೊಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್ ಅಂತ ಲೆಕ್ಕ. 16ಕ್ಕ 96, 24ಕ್ಕ 144, 32ಕ್ಕ 192. ಚಿಪ್ಪಿನ ಒಳಗಿನ ಕಣಗಳು ಬಿಸಿಗೆ ಅಳ್ಳಾಡೋದರಲೆನ ಒಂದು ಸಣ್ಣ ಸುಯ್ ಸದ್ದು ಇರ್ತದ, ಎಂಥಾ ಚಿಪ್ಪಾದ್ರೂ 24 ಬಿಟ್ಟಿನ ಹಂತೇಕ ಮುಟ್ಟೋದ ಕಷ್ಟ. 32 ಅನ್ನೋದು ಚಿಪ್ಪಿನೊಳಗ ಲೆಕ್ಕಾ ಹಾಕೋ ಹಾಳಿಯ ಅಗಲ, ಕಿವಿಗೆ ಮುಟ್ಟೋದರ ಅಳತಿ ಅಲ್ಲ. ಕುಕ್ಕರ್ ಸೀಟಿ, ಫ್ಯಾನು, ಓಣಿಯಾಗಿನ ತರಕಾರಿ ಗಾಡಿ, ಇವುಗಳ ನಡುವ ಕೇಳೋ ಹುಡುಗಿಗೆ 16 ಬಿಟ್ಟಿನ ಆಳ ಪೂರ್ತಿ ಎಂದೂ ಸಿಗೋದಿಲ್ಲ. ನಾನಾಗಿದ್ರ 40 ಸಾವಿರದಾಗ ಹತ್ತರ ಪಾಲಿನ ರೊಕ್ಕದಾಗ ಒಂದು ಛಲೋ ತಂತಿ ಇಯರ್‌ಫೋನ್ ಕೊಡಸ್ತಿದ್ದೆ. ದನಿ ಹೆಚ್ಚು ಬದಲಾಗೋದು ಅಲ್ಲೇ. ಅಂಗಡ್ಯಾಗ ಎರಡು ಪ್ಲೇಯರ್ ಹೋಲಿಸಿ ನೋಡೋವಾಗ ಮಾತ್ರ ದನಿ ಮಟ್ಟ ಎರಡಕ್ಕೂ ಸಮಾ ಇಡಸ್ರಿ. ಎರಡು ಕಪ್ ಚಹಾದಾಗ ಒಂದಕ್ಕ ಸಕ್ರಿ ಹೆಚ್ಚು ಹಾಕಿ ಯಾವುದು ಛಲೋ ಅಂತ ಕೇಳಿದ್ರ ಹೆಂಗ? ಸ್ವಲ್ಪ ಜೋರಿರೋದು ಯಾವಾಗಲೂ ಛಲೋ ಅನಸ್ತದ, ಮಾರೋರಿಗೆ ಅದು ಗೊತ್ತದ.

ಕಲ್ಲಿನ ಡ್ಯಾಕ್ ಸತ್ತು ಹೋಗಿಲ್ಲ. ಅದರ ದನಿನ ಬ್ಯಾರೆ, ತುಂಬಿದಂಗ ಅನಸ್ತದ ಅನ್ನೋರು ಇದ್ದಾರ. ಅವರ ಸಲುವಾಗಿ ಈಗ ಸಣ್ಣ ಸಣ್ಣ ರೆಸಿಸ್ಟರ್ ಸಾಲಾಗಿ ಜೋಡಿಸಿದ ತುಟ್ಟಿ ಪ್ಲೇಯರ್ ಬರ್ತಾವ, ಆರ್-2ಆರ್ ಅಂತಾರ. ಮತ್ತ 2020ರ ಅಕ್ಟೋಬರ್ 20ಕ್ಕ ಜಪಾನಿನ ನೊಬೆಓಕಾ ಊರಾಗ ಎಕೆಎಂ ಕಂಪನಿಯ ಚಿಪ್ಪಿನ ಕಾರ್ಖಾನಿಗೆ ಬೆಂಕಿ ಹತ್ತಿ ಮೂರು ದಿನದ ಮ್ಯಾಲೆ ಉರೀತು. ಜಗತ್ತಿನ ಎಷ್ಟೋ ಪ್ಲೇಯರಗಳ ಡ್ಯಾಕ್ ಅಲ್ಲಿಂದನ ಬರತಿದ್ದುವು. ತಯಾರಕರು ರಾತ್ರೋರಾತ್ರಿ ಬ್ಯಾರೆ ಕಂಪನಿ ಚಿಪ್ಪು ಹುಡಕಬೇಕಾತು, ಅದ ಹೆಸರಿನ ಪ್ಲೇಯರ್ ಒಳಗ ಬ್ಯಾರೆ ಚಿಪ್ಪು ಬಂತು. ಕೆಲವರು ರೆಸಿಸ್ಟರ್ ಸಾಲಿಗೆ ಹೊರಳಿದ್ದಕ್ಕ ಇದೂ ಒಂದು ಕಾರಣ.

2016ರಾಗ ಆಪಲ್‌ನವರು ಫೋನಿನಾಗಿನ ಇಯರ್‌ಫೋನ್ ತೂತು ಮುಚ್ಚಿದ್ರು. ಅದರ ಬದಲಿ ಕೊಟ್ಟ ಬೆರಳುದ್ದದ ವಾಯರಿನ ತುದಿಯಾಗ ಒಂದು ಪೂರ್ತಿ ಡ್ಯಾಕ್ ಇತ್ತು, ಬೆಲಿ 9 ಡಾಲರ್. ಅದ ದಿನಾ ತೋರಿಸಿದ ವಾಯರ್ ಇಲ್ಲದ ಇಯರ್‌ಬಡ್‌ನಾಗ ಡ್ಯಾಕ್ ಕಿವಿಯೊಳಗೇ ಬಂದು ಕೂತಿತು. ಈಗ ಎಡಗಿವಿಗೊಂದು, ಬಲಗಿವಿಗೊಂದು ಬ್ಯಾರೆ ಬ್ಯಾರೆ ಡ್ಯಾಕ್, ನಡುವ ವಾಯರ್ ಇಲ್ಲ. ಸೋನಿಯ ಮೊದಲನೇ ಪ್ಲೇಯರಿನಾಗ ಒಂದ ಡ್ಯಾಕ್ ಎರಡೂ ಕಿವಿಗೆ ಓಡಾಡಿ ಹನ್ನೊಂದು ಪಾಲು ತಡಾ ಮಾಡತಿತ್ತು. ಈಗ ಎರಡು ಡ್ಯಾಕ್ ಒಂದ ತಾಳದಾಗ ಇರಬೇಕಂತ ಅವುಗಳ ಗಡಿಯಾರಗಳು ಹಾಡು ನಡಿಯೋ ತನಕ ರೇಡಿಯೋ ಅಲಿ ಮ್ಯಾಲೆ ಒಂದಕ್ಕೊಂದು ಹೊತ್ತು ಕೇಳಕೋತ ಇರ್ತಾವ.